ಇಪ್ಪತ್ನಾಲ್ಕು ಗಂಟೆ ನಿಲ್ಲುವ ಮುಖ

ಅಂಗಡಿಯಲ್ಲಿ ಎಲ್ಲರೂ ಅವಳನ್ನು ಅರ್ಧಚಂದ್ರ ಅಂತಲೇ ಕರೆಯುತ್ತಿದ್ದರು. ಕತ್ತಿಗೆ ಕೈ ಹಾಕಿ ಹೊರಗೆ ದಬ್ಬುವುದಕ್ಕೂ ಅದೇ ಹೆಸರಿದೆ, ನಿಜ. ಆದರೆ ಏಳು ವರ್ಷದಲ್ಲಿ ಅವಳನ್ನು ಯಾರೂ ಹೊರಗೆ ದಬ್ಬಲಿಲ್ಲ. ದಬ್ಬಿದ್ದರೇ ವಾಸಿಯಿತ್ತು ಅಂತ ಅವಳಿಗೇ ಅನ್ನಿಸಿದ ದಿನಗಳುಂಟು.

ನಾಲ್ಕು ಮಹಡಿಯ ದೊಡ್ಡ ಅಂಗಡಿ ಅದು. ಗಾಜಿನ ಬಾಗಿಲು ದಾಟಿದ ಕೂಡಲೇ ಎಡಗಡೆಗೆ ಸೌಂದರ್ಯ ಸಾಮಗ್ರಿಗಳ ವಿಭಾಗ, ಅದರ ಮುಂದೆ ಒಂದು ಎತ್ತರದ ಸ್ಟೂಲು. ಆ ಸ್ಟೂಲಿನ ಮೇಲೆ ಕೂತು ಮುಖ ತೋರಿಸುವುದೇ ಅವಳ ಕೆಲಸ. ಬೆಳಿಗ್ಗೆ ಹತ್ತಕ್ಕೆ ಮುಖ ತೊಳೆದು ಫೌಂಡೇಶನ್, ಪೌಡರ್, ಹುಬ್ಬು, ಕಣ್ಣು, ತುಟಿ ಎಲ್ಲವನ್ನೂ ಎರಡೂ ಕಡೆ ಒಂದೇ ಸಮ ಮಾಡಿಕೊಳ್ಳುವುದು. ಆಮೇಲೆ ಹಣೆಯಿಂದ ಗದ್ದದವರೆಗೆ ನಡುಮಧ್ಯೆ ಕಾಗದದ ಟೇಪು ಅಂಟಿಸಿ, ಎಡಭಾಗಕ್ಕೆ ಪ್ಲಾಸ್ಟಿಕ್ ಹಾಳೆ ಅಡ್ಡ ಹಿಡಿದು, ಬಲಭಾಗಕ್ಕೆ ಮಾತ್ರ ಸೆಟ್ಟಿಂಗ್ ಸ್ಪ್ರೇ ಹೊಡೆಯುವುದು. ಬಾಟಲಿ ಒಂದೂವರೆ ಗೇಣು ದೂರದಲ್ಲಿರಬೇಕು, ಕಣ್ಣು ಮುಚ್ಚಿರಬೇಕು. ಹೊಡೆದ ಮೇಲೆ ಬೀಸಣಿಗೆ ಆಡಿಸಬಾರದು, ಬೆರಳು ತಾಗಿಸಬಾರದು, ತಾನಾಗಿ ಒಣಗುವವರೆಗೆ ಸುಮ್ಮನಿರಬೇಕು. ಬಾಟಲಿಯ ಮೇಲೆ ದಪ್ಪಕ್ಷರದಲ್ಲಿ 'ಇಪ್ಪತ್ನಾಲ್ಕು ಗಂಟೆ' ಅಂತ ಬರೆದಿತ್ತು. ಆ ಮಾತು ಸುಳ್ಳಲ್ಲ ಅಂತ ತೋರಿಸಲು ಸ್ಟೂಲಿನ ಮೇಲೆ ಇವಳು.

ಸ್ಪ್ರೇ ಒಣಗಿದ ಮೇಲೆ ಮಹಡಿ ಮ್ಯಾನೇಜರು ಬಂದು ಅವಳ ಬಲಗಿವಿಯ ಕೆಳಗೆ ಕಾಳಿನಷ್ಟು ಚಿಕ್ಕ ಮೊಹರು ಒತ್ತುತ್ತಿದ್ದ. ಮುಖ ತೊಳೆದರೆ ಮೊಹರು ಹೋಗುತ್ತದೆ, ಮೊಹರು ಹೋದರೆ ಕೆಲಸ ಹೋಗುತ್ತದೆ, ಅಷ್ಟೇ ಲೆಕ್ಕ. ಬಲಗೆನ್ನೆ ಅವಳ ಜೊತೆ ಬಸ್ಸು ಹತ್ತಿ ಮನೆಗೆ ಹೋಗಿ, ಮಲಗಿ, ಎದ್ದು, ಮಾರನೆಯ ದಿನ ಹತ್ತಕ್ಕೆ ವಾಪಸು ಬಂದು ಫೋಟೋ ತೆಗೆಸಿಕೊಳ್ಳಬೇಕು. ಬಲಕ್ಕೆ ಹೊರಳಿ ಮಲಗುವುದನ್ನು ಅವಳು ಯಾವಾಗಲೋ ಮರೆತಿದ್ದಳು. ಎಡಗೆನ್ನೆ ಹಾಗಲ್ಲ. ಮೂರನೇ ಗಂಟೆಗೆ ಅದರ ಮೂಗಿನ ಪಕ್ಕ ಜಿಡ್ಡು ಮಿನುಗುತ್ತಿತ್ತು, ಐದನೇ ಗಂಟೆಗೆ ಕಣ್ಣಿನ ಕೆಳಗಿನ ಗೆರೆಗಳಲ್ಲಿ ಪೌಡರು ಕೂರುತ್ತಿತ್ತು, ಏಳನೇ ಗಂಟೆಗೆ ತುಟಿಯ ಬಣ್ಣ ನಡುವೆ ಹೋಗಿ ಅಂಚು ಮಾತ್ರ ಉಳಿಯುತ್ತಿತ್ತು. ಸಂಜೆ ಏಳರ ಫೋಟೋ ಮುಗಿದರೆ ಎಡಗೆನ್ನೆಯ ಕೆಲಸ ಮುಗಿಯಿತು. ಅಂಗಡಿಯ ನಲ್ಲಿಯಲ್ಲೇ ಅದನ್ನು ಉಜ್ಜಿ ತೊಳೆದು ಅವಳು ಮನೆಗೆ ಹೊರಡುತ್ತಿದ್ದಳು.

ಗಿರಾಕಿಗಳ ತಮಾಷೆಗೆ ಬರವಿರಲಿಲ್ಲ. "ಮಾತು ನಿಲ್ಲಿಸೋ ಸ್ಪ್ರೇ ಇದ್ರೆ ಕೊಡಿ, ನಮ್ಮ ಮನೆಯವರಿಗೆ ಬೇಕು" ಅಂದವರಿದ್ದರು. ಅವಳ ಕೆನ್ನೆಗೆ ಬೆರಳು ಹಚ್ಚಿ ನೋಡಲು ಬಂದವರೂ ಇದ್ದರು, ತರಕಾರಿ ಒತ್ತಿ ನೋಡಿದ ಹಾಗೆ. ಅವಳು ಎಲ್ಲರಿಗೂ ನಗುತ್ತಿದ್ದಳು, ಆದರೆ ಸ್ವಲ್ಪವೇ. ಜಾಸ್ತಿ ನಕ್ಕರೆ ಗೆರೆ ಬೀಳುತ್ತದೆ.

ಅವಳಿಗಿದ್ದ ಹೆಮ್ಮೆ ಒಂದೇ. ಏಳು ವರ್ಷದಲ್ಲಿ ಒಂದು ದಿನವೂ ಅವಳು ಕದ್ದು ಬಣ್ಣ ತೀಡಿರಲಿಲ್ಲ. ಬಲಗೆನ್ನೆ ಉಳಿದದ್ದು ನಿಜವಾಗಿಯೇ ಉಳಿದದ್ದು, ಎಡಗೆನ್ನೆ ಕೆಟ್ಟದ್ದು ನಿಜವಾಗಿಯೇ ಕೆಟ್ಟದ್ದು. ಬಾಟಲಿ ಕೊಂಡವರಿಗೆ ಮೋಸವಿಲ್ಲ.

ಮನೆಯಲ್ಲಿ ಇದ್ದದ್ದು ಅಮ್ಮ ಒಬ್ಬಳೇ. ಅಮ್ಮನ ನೆನಪು ಮೂರು ವರ್ಷದಿಂದ ಸೋರುತ್ತಿತ್ತು. ಮೊದಲು ಹೋದದ್ದು ಬೀಗದ ಕೈ ಎಲ್ಲಿದೆ ಎಂಬುದು, ಆಮೇಲೆ ತೀರಿಹೋದ ಅಪ್ಪ ತೀರಿಹೋಗಿದ್ದಾರೆ ಎಂಬುದು. ಹಗಲಿಡೀ ಎದುರುಮನೆಯ ದರ್ಜಿ ಅಕ್ಕ ತನ್ನ ಹೊಲಿಗೆ ಮಿಷನ್ನನ್ನು ಇವರ ನಡುಮನೆಗೇ ತಂದಿಟ್ಟುಕೊಂಡು, ಹೊಲಿಯುತ್ತ ಹೊಲಿಯುತ್ತ ಅಮ್ಮನನ್ನು ನೋಡಿಕೊಳ್ಳುತ್ತಿದ್ದಳು. ಅದಕ್ಕೆ ಕೊಡುವ ದುಡ್ಡು ಸ್ಟೂಲಿನಿಂದಲೇ ಬರಬೇಕು. ಮೂವತ್ತೆಂಟು ದಾಟಿದ, ಕೂತು ಅಭ್ಯಾಸವೇ ಹೊರತು ಬೇರೇನೂ ಗೊತ್ತಿಲ್ಲದ ಹೆಂಗಸಿಗೆ ಇನ್ನೊಂದು ಅಂಗಡಿ ಕೆಲಸ ಕೊಡುವುದು ಅಷ್ಟರಲ್ಲೇ ಇತ್ತು.

ಅಮ್ಮನಿಗೆ ಮಗಳ ಗುರುತು ಉಳಿದಿದ್ದದ್ದು ಎಡಗೆನ್ನೆಯಲ್ಲಿ. ಅದಕ್ಕೆ ಕಾರಣವಿತ್ತು. ಚಿಕ್ಕಂದಿನಿಂದ ಅವಳು ಸುಳ್ಳು ಹೇಳಿದರೆ ಎಡಗೆನ್ನೆ ಮಾತ್ರ ಕೆಂಪಾಗುತ್ತಿತ್ತು, ಬಲಗೆನ್ನೆ ಏನೂ ಗೊತ್ತಿಲ್ಲದವರಂತೆ ಇರುತ್ತಿತ್ತು. ಸಕ್ಕರೆ ಡಬ್ಬಿ ಯಾರು ಮುಟ್ಟಿದ್ದು ಅಂತ ಕೇಳಿ, ಉತ್ತರಕ್ಕೆ ಕಾಯದೆ ಅಮ್ಮ ಅವಳ ಗದ್ದ ಹಿಡಿದು ಮುಖ ಬಲಕ್ಕೆ ತಿರುಗಿಸಿ ನೋಡುತ್ತಿದ್ದಳು. ಹತ್ತಿಪ್ಪತ್ತು ವರ್ಷ ದಿನಾ ಓದಿದ ಪುಟ ಅದು. ಬೇರೆಲ್ಲ ಅಳಿಸಿಹೋದರೂ ಅದೊಂದು ಅಳಿಸಿರಲಿಲ್ಲ.

ಹೀಗಾಗಿ ಸಂಜೆ ಮನೆಗೆ ಬಂದರೆ ಅವಳು ಅಮ್ಮನ ಬಲಗಡೆಗೇ ಹೋಗಿ ಕೂರುತ್ತಿದ್ದಳು, ತೊಳೆದ ಕೆನ್ನೆ ಅಮ್ಮನ ಕಡೆ ಇರುವಂತೆ. "ಬಂದ್ಯಾ ಪುಟ್ಟಿ? ಉಂಡ್ಯಾ?" ಅಂತ ಅಮ್ಮ ಕೈ ಹಿಡಿಯುತ್ತಿದ್ದಳು. ನೀರು ತರಲು ಎದ್ದು ಅಪ್ಪಿತಪ್ಪಿ ಬಣ್ಣದ ಬಲಗೆನ್ನೆ ಅಮ್ಮನ ಕಡೆ ತಿರುಗಿದರೆ ಅಮ್ಮನ ಬೆನ್ನು ನೆಟ್ಟಗಾಗುತ್ತಿತ್ತು. "ನಮಸ್ಕಾರ ಮೇಡಮ್, ನೀವು ನಿಂತೇ ಇದ್ದೀರಲ್ಲ, ಕೂತ್ಕೊಳ್ಳಿ." ಅಮ್ಮನ ಪ್ರಕಾರ ಆ ಮನೆಗೆ ದಿನಾ ಇಬ್ಬರು ಬರುತ್ತಿದ್ದರು, ಒಬ್ಬಳು ಮಗಳು, ಇನ್ನೊಬ್ಬರು ಯಾರೋ ಮೇಡಮ್. ದರ್ಜಿ ಅಕ್ಕ ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳೂ ನಗುತ್ತಿದ್ದಳು. ಎಡಗೆನ್ನೆ ಇರುವವರೆಗೆ ನಗಲು ಅಡ್ಡಿಯಿರಲಿಲ್ಲ.

ಒಂದು ಸೋಮವಾರ ಮ್ಯಾನೇಜರು ಹೊಸ ವಿಷಯ ತಂದ. ಮೇಲಿನವರು ಫೋಟೋಗಳನ್ನೆಲ್ಲ ನೋಡಿದರಂತೆ. ಕೆಟ್ಟುಹೋದ ಅರ್ಧ ಮುಖ ನೋಡಿ ಗಿರಾಕಿಗಳು ಹೆದರಿಕೊಳ್ಳುತ್ತಾರಂತೆ.

"ಹಾಳಾದದ್ದನ್ನ ಯಾಕೆ ತೋರಿಸ್ಬೇಕು? ಉಳಿದದ್ದನ್ನ ತೋರ್ಸಿದ್ರೆ ಸಾಲ್ದಾ?" ಅಂದ. "ಇವತ್ತಿಂದ ಪೂರ್ತಿ ಮುಖಕ್ಕೆ ಹೊಡಿಯಮ್ಮ. ಎರಡು ಕಡೆನೂ ಮೊಹರು."

ಅವಳು ಸ್ಟೂಲಿನಿಂದ ಇಳಿದಳು. "ಸಾರ್, ನನ್ನನ್ನ ಮೇಲಿನ ಮಹಡಿಗೆ ಹಾಕಿ ಸಾರ್. ಉಡುಗೊರೆ ಪೊಟ್ಟಣ ಕಟ್ಟೋ ಕಡೆ. ಸಂಬಳ ಸ್ವಲ್ಪ ಕಮ್ಮಿ ಆದ್ರೂ ಪರವಾಗಿಲ್ಲ."

"ಪೊಟ್ಟಣ ಕಟ್ಟೋರು ಬೀದಿಗೆ ಹತ್ತು ಜನ ಸಿಗ್ತಾರೆ. ಏಳು ವರ್ಷ ದಿನಾ ಬಣ್ಣ ಹಚ್ಚಿದ್ರೂ ಒಂದು ಗುಳ್ಳೆ ಏಳದೆ ಇರೋ ಇಂಥ ಚರ್ಮ ಎಲ್ಲಿಂದ ತರ್ಲಿ? ನಿನ್ನ ಮುಖ ಬಿಡೋ ಮಾತೇ ಇಲ್ಲ." ಹೊಗಳಿದ ಹಾಗೆ ಹೇಳಿ ಅವನು ಎಡಗಿವಿಯ ಕೆಳಗೂ ಮೊಹರು ಒತ್ತಿದ.

ಆ ಸಂಜೆ ಅವಳು ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತಳು. ದರ್ಜಿ ಅಕ್ಕ ಮಿಷನ್ನಿಗೆ ಮುಸುಕು ಹಾಕಿ ತನ್ನ ಮನೆಗೆ ಹೊರಟಿದ್ದಳು. ಅವಳು ಒಳಗೆ ಬಂದು ಎಂದಿನಂತೆ ಬಲಗಡೆಗೆ ಕೂತಳು. ಅಮ್ಮ ನೋಡಿದಳು, ಸೆರಗು ಸರಿಮಾಡಿಕೊಂಡಳು.

"ಬನ್ನಿ ಮೇಡಮ್. ಇವತ್ತು ಒಬ್ಬರೇ ಬಂದ್ರಾ? ನನ್ನ ಮಗಳು ಎಲ್ಲಿ?"

"ಅಮ್ಮಾ, ನಾನೇ."

"ಅಯ್ಯೋ, ಅಮ್ಮ ಅಂತೀರಲ್ಲ, ಒಳ್ಳೆಯವರು ನೀವು. ಕೂತ್ಕೊಳ್ಳಿ, ಇನ್ನೇನು ಬಂದ್ಬಿಡ್ತಾಳೆ." ಅಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನಿಮ್ಮ ಅಂಗಡಿಯವರಿಗೆ ಒಂದು ಮಾತು ಹೇಳಿ ಮೇಡಮ್. ಅವಳನ್ನ ಬೇಗ ಕಳಿಸೋಕೆ ಹೇಳಿ. ಅವಳು ತನಗೆ ಬೇಕು ಅಂತ ಬಾಯಿಬಿಟ್ಟು ಕೇಳೋಳಲ್ಲ. ನನ್ನ ಮಗಳು ಅಂತ ಹೇಳ್ತಿಲ್ಲ, ಅಂಥ ನಿಯತ್ತಿನ ಹುಡುಗಿ ನಿಮಗೆ ಸಿಗಲ್ಲ. ಅವಳಿಗೆ ಸುಳ್ಳು ಹೇಳೋಕೆ ಬರಲ್ಲ, ಹೇಳಿದ್ರೆ ಕೆನ್ನೆನೇ ಚಾಡಿ ಹೇಳ್ಬಿಡುತ್ತೆ."

ಅವಳು ಅತಿಥಿಯ ಹಾಗೆ ಕೂತು ಎಲ್ಲ ಕೇಳಿದಳು. ಅನ್ನ ಕಲಸಿ ಕೊಟ್ಟರೆ ಅಮ್ಮ ತಿನ್ನಲಿಲ್ಲ. ಮಗಳು ಬರಲಿ, ಒಟ್ಟಿಗೆ ತಿನ್ನುತ್ತೇನೆ ಅಂದಳು. ಮಗಳು ಬರಲಿಲ್ಲ. ಅಮ್ಮ ಉಪವಾಸವೇ ಮಲಗಿದಳು, ಬಾಗಿಲ ಕಡೆ ಮುಖಮಾಡಿ. ಇಂಥ ಸಂಕಟ ಅವಳು ಅಪ್ಪ ಹೋದ ದಿನವೂ ಪಟ್ಟಿರಲಿಲ್ಲ.

ಮೂರು ಸಂಜೆ ಹೀಗೇ ಆಯಿತು. ಮೂರು ಸಂಜೆಯೂ ಅಮ್ಮ ಉಣ್ಣಲಿಲ್ಲ. ನಾಲ್ಕನೆಯ ಸಂಜೆ ಅವಳು ಮನೆಯ ಹೊರಗಿನ ನಲ್ಲಿಯ ಹತ್ತಿರವೇ ನಿಂತು, ಅಡುಗೆ ಎಣ್ಣೆಯನ್ನು ಹತ್ತಿಗೆ ಹಚ್ಚಿ ಎಡಗೆನ್ನೆಯನ್ನು ಒರೆಸಿದಳು. ಕಿವಿಯ ಕೆಳಗೆ ಮೊಹರಿನ ಸುತ್ತ ಬಟ್ಟೆಯ ಗುಂಡಿಯಗಲ ಜಾಗ ಬಿಟ್ಟು ಉಳಿದದ್ದೆಲ್ಲ ತೆಗೆದು, ಆ ಜಾಗದ ಮೇಲೆ ಕೂದಲು ಇಳಿಬಿಟ್ಟು ಒಳಗೆ ಹೋದಳು.

"ಎಲ್ಲಿ ಹಾಳಾಗಿ ಹೋಗಿದ್ಯೇ ಇಷ್ಟು ದಿನ!" ಅಮ್ಮ ಬೈದಳು. ಬೈಗುಳ ಕೇಳಿ ಅವಳಿಗೆ ಜೀವ ಬಂತು. ಆ ಸಂಜೆ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು.

ಮಾರನೆಯ ಬೆಳಿಗ್ಗೆ ಐದಕ್ಕೆ ಎದ್ದು ಅವಳು ಕನ್ನಡಿ ಮುಂದೆ ಕೂತಳು. ಹೊಸ ಮೇಕಪ್ ಯಾರು ಬೇಕಾದರೂ ಮಾಡುತ್ತಾರೆ, ಹಿಂದಿನ ದಿನದ ಮೇಕಪ್ ಮಾಡುವುದು ಕಷ್ಟ. ಆದರೆ ಏಳು ವರ್ಷ ಒಂದೊಂದು ಗಂಟೆಯೂ ಮುಖಕ್ಕೆ ಏನು ಮಾಡುತ್ತದೆ ಅಂತ ಅವಳಷ್ಟು ಹತ್ತಿರದಿಂದ ನೋಡಿದವರು ಯಾರಿದ್ದಾರೆ? ಬಲಗೆನ್ನೆಯನ್ನು ನೋಡಿಕೊಂಡು ಎಡಗೆನ್ನೆ ಬರೆದಳು. ಸ್ಪ್ರೇ ಹೊಡೆದ ಬಣ್ಣವೂ ಹೊಚ್ಚಹೊಸದಾಗಿ ಉಳಿಯುವುದಿಲ್ಲ. ಮೂಗಿನ ಬುಡದಲ್ಲಿ ಎಳ್ಳಷ್ಟು ಮಂಕಾಗುತ್ತದೆ, ತುಟಿಯ ಮೂಲೆ ಸ್ವಲ್ಪ ಒಣಗುತ್ತದೆ. ಆ ಮಂಕನ್ನೂ ಆ ಒಣಕಲನ್ನೂ ಬೆರಳ ತುದಿಯಲ್ಲಿ ತೀಡಿ ತಂದಳು. ಹತ್ತಕ್ಕೆ ಮ್ಯಾನೇಜರು ಮೊಹರು ನೋಡಿದ, ಫೋಟೋ ತೆಗೆದ, ಹೋದ.

ಇದು ಸುಳ್ಳಲ್ಲ ಅಂತ ಅವಳು ತನಗೆ ತಾನೇ ಹೇಳಿಕೊಂಡಳು. ಬಲಗೆನ್ನೆಯ ಬಣ್ಣ ಉಳಿದಿದೆ, ಇದರದ್ದೂ ಉಳಿಯುತ್ತಿತ್ತು, ಉಳಿಯಬೇಕಾದ್ದನ್ನೇ ನಾನು ಮತ್ತೆ ಬರೆದಿದ್ದೇನೆ. ಸಂಜೆ ತೊಳೆದ ಎಡಗೆನ್ನೆಯನ್ನು ಕನ್ನಡಿಯಲ್ಲಿ ನೋಡಿಕೊಂಡಳು. ಕೆಂಪಾಗಿರಲಿಲ್ಲ. ಕೆನ್ನೆಯೇ ಒಪ್ಪಿಕೊಂಡ ಮೇಲೆ ಇನ್ನೇನು?

ಹದಿನೇಳು ದಿನ ಹೀಗೆ ನಡೆಯಿತು. ಹದಿನೆಂಟನೆಯ ದಿನ ಮ್ಯಾನೇಜರು ಅವಳನ್ನು ತನ್ನ ಕೋಣೆಗೆ ಕರೆದು ಬಾಗಿಲು ಹಾಕಿದ. ಅಂಗಡಿಗೆ ಬರುವ ಮೊದಲು ಅವನು ಗೋಡೆಗಳ ಮೇಲೆ ಜಾಹೀರಾತು ಬರೆಯುತ್ತಿದ್ದವನು. ಗೆರೆಯ ವಿಷಯದಲ್ಲಿ ಅವನ ಕಣ್ಣಿಗೆ ಮಣ್ಣೆರಚುವುದು ಸುಲಭವಿರಲಿಲ್ಲ. ಮೇಜಿನ ಮೇಲೆ ಎರಡು ಫೋಟೋ ಜೋಡಿಸಿಟ್ಟಿದ್ದ.

"ನಿನ್ನೆ ಬೆಳಿಗ್ಗೆ ಸ್ಪ್ರೇ ಹೊಡೆದ್ಮೇಲೆ ಎಡಹುಬ್ಬಿನ ತುದಿಯಲ್ಲಿ ಪೆನ್ಸಿಲ್ ಗೆರೆ ಐದು. ಇವತ್ತು ಬೆಳಿಗ್ಗೆ ಅದನ್ನ ತೊಳೆಯೋ ಮುಂಚೆ ಆರು. ಏನಮ್ಮ, ಗೆರೆ ಮರಿ ಹಾಕ್ತಾ?"

ಅವಳು ಎರಡೂ ಫೋಟೋದ ಮೇಲೆ ಬಗ್ಗಿ ಎಣಿಸಿದಳು. ಬಣ್ಣ, ಮಂಕು, ಜಿಡ್ಡು ಎಲ್ಲ ನೋಡಿಕೊಂಡಿದ್ದಳು. ಹುಬ್ಬಿನ ಗೆರೆ ಎಣಿಸುವ ಮನುಷ್ಯ ಇರುತ್ತಾನೆ ಅಂತ ಅಂದುಕೊಂಡಿರಲಿಲ್ಲ. ಅಮ್ಮನ ವಿಷಯ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟಳು. ಹೇಳುತ್ತ ಅತ್ತಳು, ಅಳುವಾಗಲೂ ಅಭ್ಯಾಸಬಲದಿಂದ ಮುಖ ಮುಟ್ಟಿಕೊಳ್ಳಲಿಲ್ಲ.

ಮ್ಯಾನೇಜರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಹದಿನೇಳು ದಿನ ನನ್ನ ಕಣ್ಣಿಗೇ ಗೊತ್ತಾಗ್ಲಿಲ್ಲ ಅಂದ್ರೆ, ಭಲೆ ಕೈ ನಿಂದು!" ಅಂದ. "ನಿನ್ನ ಎಡಗೆನ್ನೆ ನಿನಗೇ ಇರ್ಲಿ. ಸಂಜೆ ತೊಳ್ಕೊಂಡು ಹೋಗು. ಆದ್ರೆ ನಂದೊಂದು ಕೆಲಸ ಆಗ್ಬೇಕು. ಬಲಕ್ಕೆ ನಮ್ಮ ಸ್ಪ್ರೇ. ಎಡಕ್ಕೆ ಎದುರುಬೀದಿ ಅಂಗಡಿಯವರ ಸ್ಪ್ರೇ, ಅದೇ ಆ ಕಮ್ಮಿ ಬೆಲೆದು. ಬೆಳಿಗ್ಗೆ ಬರುವಾಗ ಎಡಗಡೆ ಕೆಟ್ಟಿರ್ಬೇಕು. ಕೆಟ್ಟದ್ದು ಅವರದ್ದು ಅಂದ್ರೆ ಗಿರಾಕಿಗಳು ನಮ್ಮದಕ್ಕೆ ಹೆದರಲ್ಲ. ಹೇಗೆ ಕೆಡುತ್ತೆ ಅಂತ ನಿನಗೆ ಹೇಳಿಕೊಡ್ಬೇಕಾ?"

"ಸಾರ್, ಅವರದ್ದು ಕೆಡಲ್ಲ ಸಾರ್. ನಾನು ಹಚ್ಚಿ ನೋಡಿದ್ದೀನಿ. ನಮ್ಮದರ ಹಾಗೇ ನಿಲ್ಲುತ್ತೆ."

"ಅದಕ್ಕೇ ಹೇಳ್ತಿರೋದು" ಅಂದ ಮ್ಯಾನೇಜರು. ಎರಡೂ ಫೋಟೋವನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದ. "ಇಲ್ಲಾಂದ್ರೆ ಇವು ಮೇಲಿನವರ ಹತ್ರ ಹೋಗುತ್ತೆ. ಯೋಚನೆ ಮಾಡು. ಮಧ್ಯಾಹ್ನದವರೆಗೆ ಟೈಮಿದೆ."

ಅವಳು ಮಧ್ಯಾಹ್ನದವರೆಗೆ ಯೋಚಿಸಿದಳು. ಯೋಚಿಸುವುದಕ್ಕೆ ಏನೂ ಇರಲಿಲ್ಲ. ಕೆಲಸ ಬಿಟ್ಟರೆ ದರ್ಜಿ ಅಕ್ಕ ಇಲ್ಲ, ದರ್ಜಿ ಅಕ್ಕ ಇಲ್ಲದಿದ್ದರೆ ಅಮ್ಮ ಒಬ್ಬಳೇ ಬಾಗಿಲು ತೆಗೆದುಕೊಂಡು ಬೀದಿಗಿಳಿಯುತ್ತಾಳೆ. ಪೂರ್ತಿ ಮುಖ ಕೊಟ್ಟರೆ ಅಮ್ಮ ಉಣ್ಣುವುದಿಲ್ಲ. ಯಾವ ಕಡೆ ತಿರುಗಿದರೂ ಗೋಡೆ, ಬಾಗಿಲಿದ್ದದ್ದು ಮ್ಯಾನೇಜರು ತೋರಿಸಿದ ಕಡೆ ಒಂದೇ. ಹನ್ನೆರಡೂವರೆಗೆ ಹೋಗಿ "ಆಯ್ತು ಸಾರ್" ಅಂದಳು. ನನ್ನನ್ನು ಕೇಳಿದರೆ ಅವಳು ಇನ್ನೇನನ್ನೂ ಹೇಳುವಂತಿರಲಿಲ್ಲ. ಬೇಕಾದವರು ಅವಳ ಸ್ಟೂಲಿನ ಮೇಲೆ ಒಂದು ವಾರ ಕೂತು ಆಮೇಲೆ ಮಾತಾಡಲಿ.

ಮಾರನೆಯ ಬೆಳಿಗ್ಗೆ ಐದಕ್ಕೆ ಎದ್ದು ಎಡಗೆನ್ನೆಯನ್ನು ಕೆಡಿಸಿದಳು. ಮೂಗಿನ ಪಕ್ಕ ಜಿಡ್ಡು ತಂದಳು, ಕಣ್ಣಿನ ಕೆಳಗೆ ಪೌಡರು ಬಿರುಕು ಬಿಡಿಸಿದಳು, ತುಟಿಯ ಬಣ್ಣವನ್ನು ಅಂಚಿಗೆ ದೂಡಿದಳು. ನಿಜವಾಗಿ ಕೆಟ್ಟ ಮುಖವೂ ಅಷ್ಟು ಚೆನ್ನಾಗಿ ಕೆಡುತ್ತಿರಲಿಲ್ಲ.

ಹತ್ತರ ಫೋಟೋ ಆದಮೇಲೆ ಮುಖ ತೊಳೆಯಲು ಬಿಡದೆ ಹಾಗೇ ಕೂರಿಸಿ, ಸ್ಟೂಲಿನ ಪಕ್ಕ ಎರಡು ಬಾಟಲಿ ಇಟ್ಟಿದ್ದರು. ಹನ್ನೊಂದರ ಹೊತ್ತಿಗೆ ಬಸ್ ಕಂಡಕ್ಟರ್ ಹೆಂಗಸೊಬ್ಬಳು ಸಮವಸ್ತ್ರದಲ್ಲೇ ಬಂದಳು. ಬೆಳಗಿನ ಪಾಳಿ ಮುಗಿಸಿ ಬಂದವಳು, ಹಣೆಯ ಮೇಲೆ ಬೆವರಿತ್ತು, ಆದರೆ ಕಣ್ಣಂಚಿನ ಕಪ್ಪು ಗೆರೆ ಗೆರೆಯಾಗಿಯೇ ಇತ್ತು. ಅವಳು ಸ್ಟೂಲಿನ ಮುಂದೆ ನಿಂತು ಎರಡೂ ಕೆನ್ನೆ ನೋಡಿದಳು. ಆಮೇಲೆ ತನ್ನ ಚೀಲದಿಂದ ಎದುರುಬೀದಿಯ ಬಾಟಲಿಯನ್ನೇ ತೆಗೆದಳು.

"ನಾನು ಇದನ್ನೇ ಹಾಕ್ಕೊಳ್ಳೋದು ಅಕ್ಕ. ನಂಗೆ ಚೆನ್ನಾಗೇ ಇದೆ ಅಂದ್ಕೊಂಡಿದ್ದೆ. ನಿಜವಾಗ್ಲೂ ಹೀಗಾಗುತ್ತಾ? ಬಸ್ಸಲ್ಲಿ ಕನ್ನಡಿ ನೋಡೋಕಾಗಲ್ಲ. ಇಷ್ಟು ದಿನ ಹೀಗೆ ಕಾಣ್ತಿದ್ನಾ ನಾನು?"

ಅವಳ ಕಣ್ಣಂಚಿನ ಗೆರೆ ಎಷ್ಟು ನೆಟ್ಟಗಿದೆ ಅಂತ ಅರ್ಧಚಂದ್ರನಿಗೆ ಕಾಣುತ್ತಿತ್ತು. ಎರಡು ಮಾರು ದೂರದಲ್ಲಿ ಮ್ಯಾನೇಜರು ಸುಗಂಧದ ಬಾಟಲಿಗಳನ್ನು ಜೋಡಿಸುವ ನೆಪದಲ್ಲಿ ನಿಂತಿದ್ದ.

"ಹೌದಮ್ಮ, ಹೀಗೇ ಆಗುತ್ತೆ" ಅಂದಳು.

ಕಂಡಕ್ಟರ್ ಹೆಂಗಸಿನ ಮುಖ ಸಣ್ಣದಾಯಿತು. ತನ್ನ ಬಾಟಲಿಯನ್ನು ಅಲ್ಲೇ ಕಸದ ಬುಟ್ಟಿಗೆ ಹಾಕಿ, ದುಬಾರಿ ಬಾಟಲಿ ಕೊಂಡುಕೊಂಡು ಹೋದಳು. ಹೋಗುವಾಗ "ಥ್ಯಾಂಕ್ಸ್ ಅಕ್ಕ, ಇದ್ದದ್ದು ಇದ್ದ ಹಾಗೆ ಹೇಳಿದ್ರಿ" ಅಂದಳು. ಬಣ್ಣದ ಕೆಳಗೆ ಎಡಗೆನ್ನೆ ಬೆಂಕಿ ಇಟ್ಟ ಹಾಗೆ ಸುಡುತ್ತಿತ್ತು. ಆ ದಿನ ಇನ್ನೂ ಹನ್ನೊಂದು ಜನಕ್ಕೆ ಅವಳು ಅದೇ ಮಾತು ಹೇಳಿದಳು.

ಸಂಜೆ ಅಂಗಡಿಯ ನಲ್ಲಿಯಲ್ಲಿ ಎಡಗೆನ್ನೆ ತೊಳೆದಳು. ಈಗ ಕದ್ದು ತೊಳೆಯಬೇಕಾಗಿರಲಿಲ್ಲ. ತಣ್ಣೀರು ಹಾಕಿದಳು, ಒದ್ದೆ ಕರವಸ್ತ್ರ ಒತ್ತಿಕೊಂಡಳು, ಬಸ್ಸಿನ ಕಿಟಕಿಗೆ ಮುಖ ಕೊಟ್ಟು ಕೂತಳು. ಕೆಂಪು ಇಳಿಯಲಿಲ್ಲ.

ಅಮ್ಮ ಕಾಯುತ್ತಿದ್ದಳು. ಅವಳು ಬಲಗಡೆಗೆ ಹೋಗಿ ಕೂತಳು.

"ಬಂದ್ಯಾ ಪುಟ್ಟಿ?" ಅಮ್ಮ ಕೈ ಹಿಡಿದಳು. ಹಿಡಿದ ಕೈ ನಿಧಾನವಾಗಿ ಬಿಟ್ಟು, ಎಷ್ಟೋ ವರ್ಷದ ಹಿಂದಿನಂತೆ ಮಗಳ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಬೀಗದ ಕೈ ಮರೆತವಳು, ಗಂಡನ ಸಾವು ಮರೆತವಳು, ಆ ಕೆನ್ನೆಯನ್ನು ಮಾತ್ರ ಪೂರ್ತಿ ಓದಿದಳು.

"ಯಾರಿಗೆ ಸುಳ್ಳು ಹೇಳಿ ಬಂದೆ?"

ಇಲ್ಲಮ್ಮ ಅಂದರೆ ಅದೂ ಇನ್ನೊಂದು ಸುಳ್ಳಾಗುತ್ತಿತ್ತು, ಅದೂ ಅಲ್ಲೇ ಕಾಣುತ್ತಿತ್ತು. ಅಮ್ಮನ ಕಣ್ಣು ಕೆನ್ನೆ ಬಿಟ್ಟು ಕದಲಲಿಲ್ಲ. ತಡೆಯಲಾರದೆ ಅವಳು ಬಣ್ಣದ ಬಲಗೆನ್ನೆ ಅಮ್ಮನ ಕಡೆಗೆ ಬರುವಂತೆ ಮುಖ ತಿರುಗಿಸಿಬಿಟ್ಟಳು.

ಅಮ್ಮನ ಕೈ ಗದ್ದದಿಂದ ಜಾರಿತು. ಅಮ್ಮ ನೆಟ್ಟಗೆ ಕೂತು ಸೆರಗು ಸರಿಮಾಡಿಕೊಂಡಳು.

"ಅಯ್ಯೋ, ನೀವೂ ಬಂದಿದ್ದೀರಾ ಮೇಡಮ್! ಕೂತ್ಕೊಳ್ಳಿ, ಕೂತ್ಕೊಳ್ಳಿ. ನನ್ನ ಮಗಳು ಈಗ ತಾನೇ ಇಲ್ಲೇ ಇದ್ಲು."